ಸತ್ತ ವರ್ಕ್‌ಸ್ಟೇಷನ್ ಮತ್ತು ಅಲುಗದ ಅಂಕಿ

ಪುಣೆ ಹತ್ತಿರದ ಕುರಕುಂಭದ ಆ ರಾಸಾಯನಿಕ ಕಾರ್ಖಾನೆಗೆ ನಾನು ಮೊದಲ ಸಲ ಹೋದಾಗ ಅದರ ಮಾಲೀಕರಾದ ಸಾವಕಾರರು ನನ್ನನ್ನು ಕರೆದೊಯ್ದದ್ದು ಕೆಟ್ಟ ಕಂಪ್ಯೂಟರಿನ ಹತ್ತಿರಕ್ಕಲ್ಲ, ಹೊಸದಾಗಿ ಗ್ರಾನೈಟ್ ಹಾಸಿದ್ದ ಸ್ವಾಗತ ಕೋಣೆಗೆ.

"ಇಳಕಲ್ಲಿನಿಂದ ತರಿಸೇನ್ರಿ ಬಾಯಾರ. ನಮ್ಮ ಊರ ಕಡೀ ಕಲ್ಲು. ಮುಖ ಕಾಣತದ ನೋಡ್ರಿ" ಎಂದರು.

ನೋಡಿದೆ. ಕಂಡಿತು. ಬೆಳಿಗ್ಗೆ ಪುಣೆಯ ಸ್ವಾರಗೇಟಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದ ನನ್ನ ಮುಖವನ್ನು ನೆಲದಲ್ಲಿ ನೋಡಿಕೊಳ್ಳುವ ಹುಕಿ ನನಗಿರಲಿಲ್ಲ.

ಆಗ ನಾನು ಸ್ವಾರಗೇಟಿನ ಹಿಂದಿನ ಓಣಿಯ ಒಂದು ಸಣ್ಣ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಬೇರೆಯವರು ಕೈಬಿಟ್ಟ ಹಳೆಯ ಯಂತ್ರಗಳನ್ನು ಎಬ್ಬಿಸಿ ಕೂರಿಸುವುದು ನಮ್ಮ ದಂಧೆ. ಎರಡು ಸಾವಿರದ ಇಸವಿ ಹುಟ್ಟುತ್ತಲೇ ಲೋಕದ ಕಂಪ್ಯೂಟರುಗಳೆಲ್ಲ ನಿಂತುಹೋಗುತ್ತವೆಂದು ಹೆದರಿಸಿ ದುಡ್ಡು ಮಾಡಿದವರು, ಏನೂ ನಿಲ್ಲದೇ ಹೋದ ಮೇಲೆ ಫಲಕ ಬದಲಿಸಿ ಸಲಹೆಗಾರರಾಗಿ ಕೂತಿದ್ದ ಕಾಲ ಅದು. ಅಂಥವರೊಬ್ಬರು ಈ ಕಾರ್ಖಾನೆಗೂ ಸಿಕ್ಕಿದ್ದರು. ಬೆಂಗಳೂರಿನವರು. ಆ ಸೆಖೆಯಲ್ಲೂ ಟೈ ಕಟ್ಟಿಕೊಂಡು ಸಾವಕಾರರ ಪಕ್ಕದಲ್ಲೇ ನಿಂತಿದ್ದರು.

"ಸಿಂಪಲ್ ಮೇಡಂ. ಓಪನ್ ಸೋರ್ಸ್ ಹಾಕ್ಬಿಡೋಣ. ಲೈಸೆನ್ಸ್ ಕಾಟ ಇಲ್ಲ. ಸಿ.ಡಿ. ಹಾಕಿ, ನೆಕ್ಸ್ಟ್ ನೆಕ್ಸ್ಟ್ ಅಂತ ಒತ್ಕೊಂಡು ಹೋಗಿ. ಅರ್ಧ ದಿನದ ಕೆಲಸ" ಎಂದು ನನ್ನ ಕೈಗೆ ಒಂದು ಸಿ.ಡಿ. ಇಟ್ಟರು. ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಲಿನಕ್ಸ್ ಎಂಬ ಮುಕ್ತ ಕಾರ್ಯವ್ಯವಸ್ಥೆ ಅದು. ಪಿ.ಸಿ.ಗಳಿಗೆಂದು ಮಾಡಿದ್ದು. ಕೆಟ್ಟುಹೋದ ಕಂಪ್ಯೂಟರು ಕಂಟ್ರೋಲ್ ರೂಮಿನ ಹಳೆಯ ವರ್ಕ್‌ಸ್ಟೇಷನ್; ಅದರ ಪ್ರೊಸೆಸರಿನ ಜಾತಿಯೇ ಬೇರೆ. ಕಾರಿನ ಕೀಲಿಕೈಯಿಂದ ಉಗ್ರಾಣದ ಬೀಗ ತೆಗೆಯಿರಿ ಎಂದ ಹಾಗಿತ್ತು. ಅವರಿಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲವೆಂಬುದು ಗೊತ್ತಾಗುವ ಸಂಭವವೂ ಇರಲಿಲ್ಲ.

ವಿಷಯ ಇಷ್ಟು. ಆ ಕಾರ್ಖಾನೆಯಲ್ಲಿ ಸಾಲಾಗಿ ದೊಡ್ಡ ಉಕ್ಕಿನ ಪಾತ್ರೆಗಳಿದ್ದವು; ರಿಯಾಕ್ಟರ್ ಎನ್ನುತ್ತಿದ್ದರು. ಒಳಗೆ ಒಂದು ರಾಸಾಯನಿಕಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಡಬೇಕು. ಬೆರೆಯುವಾಗ ಬಿಸಿ ಹುಟ್ಟುತ್ತದೆ. ಅದನ್ನು ಆರಿಸಲು ಪಾತ್ರೆಯ ಹೊರಕವಚದಲ್ಲಿ ತಣ್ಣೀರು ಹರಿಯುತ್ತಿರುತ್ತದೆ. ಬಿಸಿ ಒಂದು ಮಿತಿ ದಾಟಿತೆಂದರೆ ಆಮೇಲೆ ಅದು ಯಾರ ಮಾತನ್ನೂ ಕೇಳುವುದಿಲ್ಲ. ತಾನೇ ತನ್ನನ್ನು ಕಾಯಿಸಿಕೊಳ್ಳುತ್ತ ಹೋಗುತ್ತದೆ. ಹೀಗಾಗಿ ಪ್ರತಿ ಪಾತ್ರೆಯ ಉಷ್ಣಮಾಪಕದ ತಂತಿ ಕಂಟ್ರೋಲ್ ರೂಮಿಗೆ ಬಂದು, ವರ್ಕ್‌ಸ್ಟೇಷನ್ನಿನ ಹೊಟ್ಟೆಯೊಳಗಿನ ಒಂದು ಕಾರ್ಡಿಗೆ ಸೇರುತ್ತಿತ್ತು. ಆ ಯಂತ್ರದ ಡಿಸ್ಕು ಕಿರುಚಿ ಸತ್ತುಹೋಗಿತ್ತು. ಅದರ ಮೂಲ ತಂತ್ರಾಂಶ ಈಗ ಯಾರ ಬಳಿಯೂ ಇರಲಿಲ್ಲ. ಆ ಕಾರ್ಡು ಪಿ.ಸಿ.ಗೆ ಕೂರುವುದಿಲ್ಲ. ಮೇಲಾಗಿ, ಹಿಂದೆ ತಂದಿಟ್ಟಿದ್ದ ಪಿ.ಸಿ.ಗಳು ಆ ಕೋಣೆಯ ಆಮ್ಲದ ಗಾಳಿಗೆ ತುಕ್ಕು ಹಿಡಿದು ಸತ್ತಿದ್ದವು. ಹಳೆಯ ವರ್ಕ್‌ಸ್ಟೇಷನ್ನಿನ ಮೈ ಮಾತ್ರ ಗಟ್ಟಿಯಾಗಿತ್ತು.

ಕಂಟ್ರೋಲ್ ರೂಮಿನಲ್ಲಿ ಶಿಫ್ಟ್ ಇನ್‌ಚಾರ್ಜ್ ಇದ್ದರು. ಹುಮನಾಬಾದಿನ ಕಡೆಯವರು. ಅವರ ಗಂಟಲಿಗೆ ಧ್ವನಿವರ್ಧಕ ಬೇಕಿರಲಿಲ್ಲ.

"ಅಕ್ಕಾರ, ಈ ಡಬ್ಬಿ ಜಲ್ದಿ ಚಾಲೂ ಮಾಡ್ರಿ. ಮಂದಿ ನಿಚ್ಚಣಿಕಿ ಹತ್ತಿ ಪಾತ್ರಿ ಮ್ಯಾಲಿನ ಮೀಟರ್ ನೋಡಿ ಬಂದು ಹೇಳಾಕತ್ಯಾರ. ಹತ್ತಿ ಇಳದು ಎಲ್ಲಾರ ಮೊಳಕಾಲು ಹೋಗ್ಯಾವ."

"ಹೊಸಾದು ಯಾಕ ತಗೊಳ್ಳಿಲ್ರಿ ಅಣ್ಣಾರ?"

"ಕಲ್ಲು ಹಾಸ್ಯಾರಲ್ರಿ! ಅದು ಸಾಲಂಗಿಲ್ಲೇನು?" ಎಂದು ಅವರು ಗೋಡೆ ನಡುಗುವಂತೆ ನಕ್ಕರು.

ಪುಣೆಯ ಬುಧವಾರ ಪೇಟೆಯ ಎಲೆಕ್ಟ್ರಾನಿಕ್ ಸಾಮಾನಿನ ಗಲ್ಲಿಗಳಲ್ಲಿ ಅಲೆದು ಆ ಯಂತ್ರಕ್ಕೆ ಒಗ್ಗುವ ಹಳೆಯ ಡಿಸ್ಕೊಂದನ್ನು ಹುಡುಕಿ ತಂದು ಜೋಡಿಸಿದೆ. ಯಂತ್ರ ಎದ್ದಿತು. ಎದ್ದು, ತಾನು ಯಾರೆಂಬುದನ್ನೇ ಮರೆತಿತ್ತು. ಅದರ ಹೆಸರು, ಜಾಲದ ವಿಳಾಸ ಎಲ್ಲವೂ ಒಂದು ಸಣ್ಣ ಚಿಪ್ಪಿನಲ್ಲಿರುತ್ತವೆ. ಆ ಚಿಪ್ಪಿನ ಒಳಗೇ ಬ್ಯಾಟರಿಯನ್ನು ಹೂತು ಮುಚ್ಚಿರುತ್ತಾರೆ. ಬ್ಯಾಟರಿ ತೀರಿದರೆ ಯಂತ್ರಕ್ಕೆ ಬುದ್ಧಿಭ್ರಮಣೆ. ಇಂಥ ವಿನ್ಯಾಸ ಮಾಡಿದ ಮಹಾನುಭಾವ ಯಾರೋ, ಯಂತ್ರ ಬ್ಯಾಟರಿಗಿಂತ ಹೆಚ್ಚು ಬಾಳಬಹುದೆಂದು ಅವನಿಗೆ ಅನಿಸಿಯೇ ಇರಲಿಲ್ಲ. ಪ್ರತಿ ಸಲ ವಿದ್ಯುತ್ ಹೋದಾಗಲೂ ಆ ವಿಳಾಸವನ್ನೆಲ್ಲ ಕೈಯಿಂದ ಕುಟ್ಟಿ ತುಂಬಬೇಕು. ಕುರಕುಂಭದಲ್ಲಿ ವಿದ್ಯುತ್ತು ಹೋಗದ ದಿನವಿರಲಿಲ್ಲ.

ಚಿಪ್ಪನ್ನು ಕಿತ್ತು, ಅದರ ನೆತ್ತಿಯನ್ನು ಗರಗಸದ ಅಲಗಿನಿಂದ ಮೆಲ್ಲಗೆ ಕೊರೆಯತೊಡಗಿದೆ. ಒಳಗಿನ ಎರಡು ತುದಿಗಳು ಕಂಡರೆ ಅವಕ್ಕೆ ತಂತಿ ಬೆಸೆದು, ಹೊರಗೆ ಗಡಿಯಾರದ ಗುಂಡಿ ಸೆಲ್ ಕೂರಿಸುವ ಯೋಚನೆ. ಅಷ್ಟರಲ್ಲಿ ಸಾವಕಾರರು ಬಂದರು.

"ಬಾಯಾರ! ಕಂಪ್ಯೂಟರಿಗೆ ಗರಗಸ ಹಾಕ್ತೀರೇನ್ರಿ?"

"ಹೌದ್ರಿ ಸಾವಕಾರ್ರ. ಮಾತಿಗೆ ಬಗ್ಗಲಿಲ್ಲ."

ಅವರು ಸಲಹೆಗಾರರ ಮುಖ ನೋಡಿದರು. ಸಲಹೆಗಾರರು "ಹಾರ್ಡ್‌ವೇರ್ ಲೆವೆಲ್ ಇಂಟರ್‌ವೆನ್ಷನ್ ಸರ್" ಎಂದರು. ಸಾವಕಾರರಿಗೆ ಸಮಾಧಾನವಾಯಿತು. ಅರ್ಥವಾಗದ ಇಂಗ್ಲಿಷ್ ಕಿವಿಗೆ ಬಿದ್ದರೆ ಸಮಾಧಾನವಾಗುವ ಜನ ಪುಣೆಯ ಸುತ್ತ ಇನ್ನೂ ಬಹಳ ಇದ್ದಾರೆ.

ಬ್ಯಾಟರಿ ಹಿಡಿಯಿತು. ಮುಂದಿನ ತೊಡಕು ಸಿ.ಡಿ.ಯದು; ಈ ಪ್ರೊಸೆಸರಿಗೆಂದೇ ಮಾಡಿದ ಲಿನಕ್ಸ್ ಸಿ.ಡಿ.ಯೊಂದನ್ನು ನಾನೇ ತಂದಿದ್ದೆ. ಆ ವರ್ಕ್‌ಸ್ಟೇಷನ್ನು ಸಾಮಾನ್ಯ ಸಿ.ಡಿ. ಡ್ರೈವಿನಿಂದ ಓದುವುದಿಲ್ಲ, ಮಾಹಿತಿಯನ್ನು ತನ್ನದೇ ಅಳತೆಯ ತುಂಡುಗಳಾಗಿ ಕತ್ತರಿಸಿ ಕೊಡುವ ವಿಶೇಷ ಡ್ರೈವೇ ಬೇಕು. ಅದು ಪುಣೆಯಲ್ಲಿ ಸಿಗಲಿಲ್ಲ. ಉಳಿದದ್ದು ಜಾಲದ ದಾರಿ. ಯಂತ್ರ ಎದ್ದ ಕೂಡಲೇ ತಂತಿಯ ಮೇಲೆ "ನಾನು ಯಾರು?" ಎಂದು ಕೂಗುತ್ತದೆ. ಇನ್ನೊಂದು ತುದಿಯಲ್ಲಿ ನನ್ನ ಲ್ಯಾಪ್‌ಟಾಪು "ನೀನು ಇಂಥವನು, ಇಗೋ ನಿನ್ನ ಕಾರ್ಯವ್ಯವಸ್ಥೆ" ಎಂದು ಉತ್ತರ ಕೊಟ್ಟು ಲಿನಕ್ಸನ್ನು ಕಳಿಸಬೇಕು. ಲ್ಯಾಪ್‌ಟಾಪಿನಲ್ಲಿ ಎಲ್ಲ ಸಿದ್ಧಮಾಡಿ ತಂತಿ ಸೇರಿಸಿದೆ. ಯಂತ್ರ ಕೂಗಿತು. ಉತ್ತರ ಬಂತು. ಆದರೆ ಮುಂದಕ್ಕೆ ಹೋಗದೆ ಕಲ್ಲಾಗಿ ನಿಂತಿತು. ಮತ್ತೆ ಮಾಡಿದೆ, ಮತ್ತೆ ಅದೇ. ಸಂರಚನೆಯ ಕಡತಗಳನ್ನು ಮೊದಲಿನಿಂದ ತಿದ್ದಿದೆ, ಕೇಬಲ್ ಬದಲಿಸಿದೆ, ಡಿಸ್ಕ್ ಬಿಚ್ಚಿಟ್ಟು ನೋಡಿದೆ. ದಿನಗಳು ಹೋದವು. ಕೊನೆಗೆ ತಂತಿಯ ಮೇಲೆ ಓಡುವ ಮಾತನ್ನೆಲ್ಲ ಒಂದೊಂದಾಗಿ ಕೇಳಿಸಿಕೊಂಡಾಗ ಗೊತ್ತಾಯಿತು: ಉತ್ತರ ಕೊಡುತ್ತಿದ್ದದ್ದು ನನ್ನ ಲ್ಯಾಪ್‌ಟಾಪ್ ಅಲ್ಲ. ಮಹಡಿಯ ಮೇಲೆ ಸಲಹೆಗಾರರು ಅದೇ ಜಾಲಕ್ಕೆ ತಮ್ಮ ಸರ್ವರೊಂದನ್ನು ಸಿಕ್ಕಿಸಿದ್ದರು. ಯಾರು ಏನು ಕೇಳಿದರೂ ಅದು ಮುಂದೆ ಬಿದ್ದು ತಪ್ಪು ಉತ್ತರ ಕೊಡುತ್ತಿತ್ತು. ಯಜಮಾನನಂತೆಯೇ ಸರ್ವರು.

ನನ್ನ ತಂತಿಯನ್ನು ಅವರ ಜಾಲದಿಂದ ಕಿತ್ತು ನೇರವಾಗಿ ಯಂತ್ರಕ್ಕೆ ಚುಚ್ಚಿದೆ. ಲಿನಕ್ಸ್ ಸರಸರನೆ ಇಳಿಯಿತು.

ಯಂತ್ರ ಎದ್ದಿತು, ಡಿಸ್ಕು ಕಂಡಿತು, ಜಾಲ ಕಂಡಿತು. ಕಾರ್ಡು ಕಾಣಲಿಲ್ಲ. ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದೆನೋ ಆ ಕಾರ್ಡಿದ್ದ ಜಾಗವನ್ನು ಲಿನಕ್ಸ್ "ಗುರುತಿಲ್ಲದ ಸಾಧನ" ಎಂದು ಒಂದೇ ಸಾಲಿನಲ್ಲಿ ಮುಗಿಸಿತು. ಸೈಬರ್ ಕೆಫೆಗೆ ಹೋಗಿ ಈ ತಂತ್ರಾಂಶದ ಭಕ್ತರೆಲ್ಲ ಸೇರುವ ಪತ್ರಬಳಗಕ್ಕೆ ನನ್ನ ಕಷ್ಟ ಬರೆದೆ. ಒಬ್ಬ ಸ್ವಾತಂತ್ರ್ಯದ ಬಗ್ಗೆ ಉದ್ದ ಪ್ರವಚನ ಕಳಿಸಿದ. ಇನ್ನೊಬ್ಬ "ಮೂಲ ಕೋಡ್ ನಿನ್ನ ಮುಂದೇ ಇದೆಯಲ್ಲ, ಬರೆದುಕೋ" ಎಂದ. ಲೋಕವನ್ನು ಉದ್ಧಾರ ಮಾಡಲು ಹೊರಟವರಿಗೆ ಒಂದು ಪ್ರಶ್ನೆ ಕೇಳಿದರೆ ಮೈಯೆಲ್ಲ ಮುಳ್ಳಾಗುತ್ತದೆ.

ಬರೆದುಕೊಳ್ಳಲು ಕೂತೆ ಕೂಡ. ಕಾರ್ಡಿನ ಕೈಪಿಡಿ ಹಿಡಿದು, ಯಂತ್ರಕ್ಕೆ ಕಾರ್ಡಿನ ಭಾಷೆ ಕಲಿಸುವ ಡ್ರೈವರ್ ಎಂಬ ಪ್ರೋಗ್ರಾಮು ಬರೆದೆ. ಅದನ್ನು ಸೇರಿಸಿದ ಕೂಡಲೇ ಯಂತ್ರ ಹೆಪ್ಪುಗಟ್ಟುತ್ತಿತ್ತು. ಆರಿಸಿ ಹಚ್ಚಿದರೆ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ತಪಾಸಿಸಿಕೊಂಡು ನಿಧಾನವಾಗಿ ಏಳುತ್ತಿತ್ತು. ನಾನು ಅಲ್ಪವಿರಾಮದಷ್ಟು ತಿದ್ದುವುದು, ಅದು ಮತ್ತೆ ಸಾಯುವುದು. ಶಿಫ್ಟ್ ಇನ್‌ಚಾರ್ಜ್ ಬಾಗಿಲಲ್ಲಿ ನಿಂತು, "ಅಕ್ಕಾರ, ಇದಕ್ಕಿಂತ ನಿಚ್ಚಣಿಕಿ ಬರೋಬ್ಬರಿ ಇತ್ತಲ್ರಿ" ಎಂದಾಗ ನನಗೂ ಹಾಗೇ ಅನಿಸಿತು.

ಅಂದು ಬಸ್ಸಿನಲ್ಲಿ ಮರಳುವಾಗ ನಿರ್ಧಾರ ಮಾಡಿದೆ. ಲಿನಕ್ಸ್ ಬೇಡ. ಬಿ.ಎಸ್.ಡಿ. ಎಂದು ಅದರ ದಾಯಾದಿಯಂಥ ಇನ್ನೊಂದು ಮುಕ್ತ ವ್ಯವಸ್ಥೆಯಿತ್ತು. ಅದರ ಭಕ್ತರು ಇನ್ನೂ ಸಿಡುಕರು. ಆದರೆ ಅವರಲ್ಲಿ ಯಾರೋ ಪುಣ್ಯಾತ್ಮ ಇದೇ ಕಾರ್ಡಿಗೆ ಡ್ರೈವರ್ ಬರೆದು ಸುಮ್ಮನಿದ್ದ. ಇಷ್ಟು ದಿನದ ಕೆಲಸವನ್ನೆಲ್ಲ ಅಳಿಸಿ ಮೊದಲಿನಿಂದ ಶುರುಮಾಡಬೇಕು. ಮರುದಿನ ಬೆಳಿಗ್ಗೆ ಡಿಸ್ಕನ್ನು ಒರೆಸಿ ಹಾಕಿದೆ.

ಸಲಹೆಗಾರರು ಗಾಬರಿಯಾಗಿ ಓಡಿಬಂದರು. "ಮೇಡಂ, ಏನ್ ಮಾಡ್ತಿದ್ದೀರಾ? ಪ್ರೆಸೆಂಟೇಶನ್‌ನಲ್ಲಿ ಲಿನಕ್ಸ್ ಅಂತ ಹಾಕ್ಬಿಟ್ಟಿದೀನಿ. ಗಿರಾಕಿಗಳು ವಿಸಿಟ್‌ಗೆ ಬರ್ತಿದಾರೆ!"

"ನಿಮ್ಮದರಾಗ ಲಿನಕ್ಸ್ ಅಂತನಽ ಇರಲಿ. ಯಂತ್ರದಾಗ ನಡಿಯೂದು ಇರಲಿ" ಎಂದೆ.

ಬಿ.ಎಸ್.ಡಿ. ಇಳಿಯಿತು. ಎದ್ದೇಳುವ ಸಾಲುಗಳ ನಡುವೆ ಆ ಕಾರ್ಡಿನ ಹೆಸರು ಹಾದುಹೋಯಿತು. ಸಣ್ಣದೊಂದು ಪ್ರೋಗ್ರಾಮು ಬರೆದು ಕಾರ್ಡನ್ನು ಕೇಳಿದೆ. ಪಾತ್ರೆಗಳ ಬಿಸಿ ಒಂದರ ಕೆಳಗೊಂದು ಪರದೆಯ ಮೇಲೆ ಇಳಿಯತೊಡಗಿತು. ಜೀವಂತ ಪಾತ್ರೆಯ ಬಿಸಿ ನಿಂತಲ್ಲಿ ನಿಲ್ಲುವುದಿಲ್ಲ. ದಶಾಂಶದ ಮುಂದಿನ ಅಂಕಿ ನಾಡಿಯ ಹಾಗೆ ಮೇಲೆ ಕೆಳಗೆ ಮಿಡಿಯುತ್ತಿರುತ್ತದೆ. ಇನ್‌ಚಾರ್ಜ್ ಒಬ್ಬನನ್ನು ನಿಚ್ಚಣಿಕೆ ಹತ್ತಿಸಿ ಮೀಟರು ಓದಿಸಿದರು. ಸರಿಹೋಯಿತು. "ಹೌದ್ ನೋಡ್ರಿ ಅಕ್ಕಾರ!" ಎಂದು ಅವರು ಕೂಗಿದ್ದು ಗೇಟಿನವರೆಗೆ ಕೇಳಿಸಿರಬೇಕು. ಆ ಕೆಲಸದಲ್ಲಿ ನನಗೆ ಖುಷಿಯಾದದ್ದು ಅದೊಂದು ಗಳಿಗೆ.

ನಾನು ಇನ್ನೊಂದು ಏರ್ಪಾಡು ಮಾಡಿದ್ದೆ. ಯಾವುದೇ ಪಾತ್ರೆಯಿಂದ ಓದುವುದು ನಿಂತುಹೋದರೆ ಪರದೆಯಲ್ಲಿ ಅಂಕಿಯ ಬದಲು ಬರೀ ಗೆರೆ ಕಾಣಬೇಕು, ಹೊರಗಿನ ಸೈರನ್ ಕೂಗಬೇಕು, ಯಾರಾದರೂ ಬಂದು ನಿಲ್ಲಿಸುವವರೆಗೆ ಕೂಗುತ್ತಲೇ ಇರಬೇಕು. ಪರೀಕ್ಷೆಗೆಂದು ಒಂದು ಪಾತ್ರೆಯ ತಂತಿ ಕಿತ್ತೆ. ಗೆರೆ ಮೂಡಿತು, ಸೈರನ್ ಕೂಗಿತು. ಆದರೆ ಪಕ್ಕದಲ್ಲಿ ಸಲಹೆಗಾರರು ತಂದಿಟ್ಟಿದ್ದ ದೊಡ್ಡ ಬಣ್ಣದ ಪರದೆಯಲ್ಲಿ ಅದೇ ಪಾತ್ರೆ ಮೊದಲಿನ ಅಂಕಿಯನ್ನೇ ತೋರಿಸುತ್ತ ಹಸಿರಾಗಿ ಹೊಳೆಯುತ್ತಿತ್ತು. ನನ್ನ ಯಂತ್ರ ಕಳಿಸುವ ಅಂಕಿಗಳಿಂದ ಪಾತ್ರೆಗಳ ಚಂದದ ಚಿತ್ರ ಬರೆಯುವುದು ಅವರ ಪ್ರೋಗ್ರಾಮಿನ ಕೆಲಸ. ಗೆರೆ ಬಂದರೆ ಅದು "ಇದು ಅಂಕಿಯಲ್ಲ" ಎಂದು ಬಿಸಾಕಿ, ಹಿಂದಿನ ಅಂಕಿಯನ್ನೇ ಹಿಡಿದುಕೊಂಡು ಕೂರುತ್ತಿತ್ತು.

"ಇದನ್ನ ತಿದ್ದರಿ. ತಂತಿ ಹರದರೂ ಬಿಸಿ ಅಷ್ಟೇ ಅದ ಅಂತ ಸುಳ್ಳು ಹೇಳಾಕತ್ತದ" ಎಂದೆ.

"ಮೇಡಂ, ಸ್ಕ್ರೀನ್ ಮೇಲೆ ಗೆರೆ ಬಂದ್ರೆ ಗಿರಾಕಿಗಳಿಗೆ ಬ್ಯಾಡ್ ಇಂಪ್ರೆಷನ್ ಆಗುತ್ತೆ. ಲಾಸ್ಟ್ ವ್ಯಾಲ್ಯೂ ತೋರ್ಸೋದೇ ಸ್ಟ್ಯಾಂಡರ್ಡ್."

ಸಾವಕಾರರ ಬಳಿಗೆ ಹೋದೆ. ಅವರು ಗ್ರಾನೈಟಿನ ಮೇಲೆ ಕುಂಡ ಎಲ್ಲಿಡಬೇಕೆಂದು ಯೋಚಿಸುತ್ತಿದ್ದರು.

"ಬಾಯಾರ, ಅವರೂ ಕಲತವರ ಅದಾರ. ಗಿರಾಕಿ ಬಂದು ಹೋಗೂತನಾ ಅವರ ಪರದೆನ ಇರಲಿ. ಆ ಸೈರನ್ನೂ ಬಂದ್ ಇಡ್ರಿ. ಚಂದ ಕಾಣೂದಿಲ್ಲ."

"ಬಿಸಿ ಏರಿದ್ದು ಯಾರಿಗೂ ಕಾಣಲಿಲ್ಲಂದ್ರ ಪಾತ್ರಿ ಹಾರತದ ಸಾವಕಾರ್ರ. ಅದೂ ಚಂದ ಕಾಣೂದಿಲ್ಲ."

"ನೀವು ಬಿಡ್ತು ಅನ್ರಿ ಮದ್ಲ" ಎಂದು ಅವರು ದೇವರ ಪಟದ ಕಡೆ ನೋಡಿ ಗಲ್ಲ ಮುಟ್ಟಿಕೊಂಡರು. ಅಲ್ಲಿಗೆ ಆ ಕಾರ್ಖಾನೆಯ ಸುರಕ್ಷತಾ ಸಭೆ ಮುಗಿಯಿತು.

ನಾನು ಸೈರನ್ ಬಂದ್ ಮಾಡಲಿಲ್ಲ. ಅದರ ತಂತಿಯನ್ನು ಸಲಹೆಗಾರರೇ ಕಿತ್ತರು.

ಗಿರಾಕಿಗಳು ಬರುವ ದಿನ ನನ್ನನ್ನೂ ಕರೆಸಿದ್ದರು, ಯಂತ್ರ ಕೈಕೊಟ್ಟರೆ ಇರಲಿ ಎಂದು. ಬೆಳಿಗ್ಗೆಯಿಂದ ಎಲ್ಲೆಲ್ಲೂ ತೊಳೆಯುವುದೇ ತೊಳೆಯುವುದು. ಪಾತ್ರೆಗಳಿಗೂ ನೀರು ಹೊಡೆದು ಒರೆಸಿದರು. ಊಟದ ಹೊತ್ತಿಗೆ ಗಿರಾಕಿಗಳು ಬಂದರು, ನೆಲದಲ್ಲಿ ಮುಖ ನೋಡಿಕೊಂಡರು, ಆಮೇಲೆ ಕಂಟ್ರೋಲ್ ರೂಮಿಗೆ ಬಂದು ಬಣ್ಣದ ಪರದೆಯ ಮುಂದೆ ನಿಂತರು. ಸಲಹೆಗಾರರು ಕೋಲು ಹಿಡಿದು ವಿವರಿಸತೊಡಗಿದರು. ನನ್ನ ಸಣ್ಣ ಪರದೆಯನ್ನು ಗೋಡೆಯ ಕಡೆ ತಿರುಗಿಸಿ ಬಟ್ಟೆ ಮುಚ್ಚಿದ್ದರು, ನೋಡಲು ಹಳತಾಗಿತ್ತಂತೆ.

ಇನ್‌ಚಾರ್ಜ್ ನನ್ನ ಪಕ್ಕ ಬಂದು, ಅವರ ಮಟ್ಟಿಗೆ ಪಿಸುಮಾತಿನಲ್ಲಿ, "ಇವತ್ತ ಕಡೀ ಪಾತ್ರಿ ಭಾಳ ಶಾಂತ ಅದ ರೀ ಅಕ್ಕಾರ. ದಿನಾ ಸತಾಯಸ್ತಿತ್ತು. ಮಂದಿ ಬಂದಾರಂತ ಅದಕ್ಕೂ ತಿಳದದೋ ಏನೋ" ಎಂದರು.

ನಾನು ಪರದೆ ನೋಡಿದೆ. ಉಳಿದ ಪಾತ್ರೆಗಳ ಕೊನೆಯ ಅಂಕಿ ಮಿಡಿಯುತ್ತಿತ್ತು. ಕಡೆಯ ಪಾತ್ರೆಯದು ಮಿಡಿಯುತ್ತಿರಲಿಲ್ಲ. ಕಾದೆ. ಅಲುಗಲಿಲ್ಲ. ಗಿರಾಕಿಗಳ ನಡುವೆ ನುಗ್ಗಿ ನನ್ನ ಪರದೆಯ ಬಟ್ಟೆ ಎಳೆದು ತಿರುಗಿಸಿದೆ. ಕಡೆಯ ಪಾತ್ರೆಯ ಮುಂದೆ ಗೆರೆ.

"ಅಣ್ಣಾರ, ಕಡೀ ಪಾತ್ರಿ ತಂತಿ ಹೋಗ್ಯದ! ಯಾವಾಗ ಹೋಗ್ಯದೋ ಗೊತ್ತಿಲ್ಲ!"

ಅವರು ಒಂದು ಮಾತೂ ಆಡಲಿಲ್ಲ. ಆ ಮನುಷ್ಯ ಸದ್ದಿಲ್ಲದೆ ಇದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಓಡಿದರು. ನಾನೂ ಹಿಂದೆ ಓಡಿದೆ. ನಿಚ್ಚಣಿಕೆಯ ಕೆಳಗಿನಿಂದಲೇ ಮೀಟರಿನ ಮುಳ್ಳು ಕೆಂಪು ಗೆರೆಯನ್ನು ತಟ್ಟುತ್ತಿರುವುದು ಕಂಡಿತು. ಮೇಲಿನ ತೊಟ್ಟಿಯಿಂದ ರಾಸಾಯನಿಕ ಇನ್ನೂ ಹನಿಯುತ್ತಲೇ ಇತ್ತು. ಶಾಂತವಾಗಿದೆಯೆಂದು ಯಾರೂ ಅದರ ತಂಟೆಗೆ ಹೋಗಿರಲಿಲ್ಲ. ಇನ್‌ಚಾರ್ಜ್ ಹನಿ ಬಿಡುವ ವಾಲ್ವನ್ನು ತಿರುಗಿಸಿ ಮುಚ್ಚಿ, ತಣ್ಣೀರಿನದನ್ನು ಮೈಭಾರವೆಲ್ಲ ಹಾಕಿ ಪೂರ್ತಿ ತೆರೆದರು. ಆಮೇಲೆ ಕಂಠ ಮರಳಿತು.

"ಎಲ್ಲಾರೂ ಹೊರಗ ನಡೀರಿ! ಚಲೋ, ಬಾಹೇರ! ಬಾಹೇರ!"

ಜನ ಕನ್ನಡ ಮರಾಠಿ ಎರಡರಲ್ಲೂ ಕಿರುಚುತ್ತ ಓಡಿದರು. ನಾನು ಮುಳ್ಳನ್ನೇ ನೋಡುತ್ತ ನಿಂತೆ. ಕವಚದೊಳಗೆ ನೀರು ಬಡಿಯುವ ಸದ್ದು. ಮುಳ್ಳು ಕೆಂಪು ಗೆರೆಯ ಮೇಲೆ ನಡುಗುತ್ತ ನಿಂತಿತು, ಇನ್ನೂ ಸ್ವಲ್ಪ ಏರಿತು, ನಿಂತಿತು. ಎಷ್ಟು ಹೊತ್ತೋ. ಆಮೇಲೆ ಬೇಸರ ಬಂದ ಹಾಗೆ ಕೆಳಗಿಳಿಯತೊಡಗಿತು. ಇನ್‌ಚಾರ್ಜ್ ವಾಲ್ವಿನ ಪಕ್ಕದಲ್ಲೇ ನೆಲಕ್ಕೆ ಕುಸಿದು ಕೂತರು. ಅವರ ಅಂಗೈಯ ಚರ್ಮ ಸುಲಿದಿತ್ತು.

ತೊಳೆಯುವಾಗ ಯಾರದೋ ನೀರಿನ ಪೈಪು ತಂತಿಯ ಕೊಂಡಿಯನ್ನು ಎಳೆದು ಸಡಿಲಿಸಿತ್ತು. ಒಳಗಿನ ಮಾಲು ಡಾಂಬರಾಗಿ ಕಲಕುವ ಕೋಲಿಗೆ ಅಂಟಿಕೊಂಡಿತ್ತು. ಆಮೇಲೆ ಅದನ್ನು ಉಳಿಯಿಂದ ಕೆತ್ತಿ ತೆಗೆದರು. ಗಿರಾಕಿಗಳು ಅಂದು ಚಹಾ ಕೂಡ ಕುಡಿಯದೆ ಕಾರು ಹತ್ತಿದ್ದರು.

ಸಂಜೆ ಸಾವಕಾರರ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಸಲಹೆಗಾರರು ಮೊದಲು ಬಾಯಿ ತೆರೆದರು. "ಸರ್, ಇದು ಆಪರೇಟರ್ ಎರರ್. ಸಿಸ್ಟಮ್ ಪರ್ಫೆಕ್ಟ್ ಆಗಿ ರನ್ ಆಗ್ತಾ ಇತ್ತು."

ಇನ್‌ಚಾರ್ಜ್ ಸುಲಿದ ಕೈಗಳನ್ನು ಮೇಜಿನ ಮೇಲೆ, ಸಾವಕಾರರ ಎದುರಿಗೆ ಚಾಚಿಟ್ಟರು. "ಹೌದ್ರಿ ಸಾವಕಾರ್ರ. ಪರದಿ ಭಾಳ ಚಂದ ನಡದಿತ್ತು. ನಾವೆಲ್ಲಾ ಸತ್ತ ಮ್ಯಾಲೂ ಹಸರಽ ಇರತಿತ್ತು."

ಸಾವಕಾರರು ಯಾರ ಮುಖವನ್ನೂ ನೋಡಲಿಲ್ಲ. "ಆ ಪರದಿ ತಗೀರಿ" ಎಂದಷ್ಟೇ ಹೇಳಿದರು. ಬೈಗುಳವಿಲ್ಲ, ಪಶ್ಚಾತ್ತಾಪವಿಲ್ಲ. ಸಲಹೆಗಾರರು ಮಾತ್ರ ಕೆಲಸ ಬಿಟ್ಟು ಹೋಗುವಾಗ, ಇಲ್ಲಿ ಲಿನಕ್ಸ್ ಅಳವಡಿಸಿದ ಯಶಸ್ಸಿಗೆ ಒಂದು ಪ್ರಶಂಸಾಪತ್ರ ಬೇಕೆಂದು ಕೇಳಿದರಂತೆ. ಸಿಕ್ಕಿತೂ ಅಂತೆ. ಆ ಕಾರ್ಖಾನೆಯಲ್ಲಿ ಲಿನಕ್ಸ್ ಉಳಿದೇ ಇರಲಿಲ್ಲ ಎಂದು ಹೇಳುವ ಗೋಜಿಗೆ ನಾನು ಹೋಗಲಿಲ್ಲ.

ಯಂತ್ರ ಒಪ್ಪಿಸುವ ದಿನ ನಾನು ಸೈರನ್ನಿನ ತಂತಿಯನ್ನು ಮತ್ತೆ ಜೋಡಿಸಿ ಒಂದು ಷರತ್ತು ಹಾಕಿದೆ. ಸಾವಕಾರರು ತಾವೇ ಬರಬೇಕು, ತಮ್ಮ ಕೈಯಿಂದಲೇ ಒಂದು ತಂತಿ ಕೀಳಬೇಕು. ಅವರು ಬಂದರು. ಹಾವಿನ ಬಾಲ ಹಿಡಿಯುವವರ ಹಾಗೆ ಎರಡು ಬೆರಳಲ್ಲಿ ಕೊಂಡಿ ಹಿಡಿದು ಎಳೆದರು. ಪರದೆಯಲ್ಲಿ ಗೆರೆ ಮೂಡಿತು. ಹೊರಗೆ ಸೈರನ್ ಬಾಯಿ ಬಿಟ್ಟಿತು. ಗೇಟಿನ ಕಾವಲುಗಾರ, ಪ್ಯಾಕಿಂಗಿನ ಹೆಂಗಸರು, ಲಾರಿಯವರು ಎಲ್ಲರೂ ನಿಂತಲ್ಲೇ ತಲೆಯೆತ್ತಿ ಕಂಟ್ರೋಲ್ ರೂಮಿನ ಕಡೆ ನೋಡಿದರು. ಸಾವಕಾರರು ಕಿವಿ ಮುಚ್ಚಿಕೊಂಡರು. ಸೈರನ್ ನಿಲ್ಲುವ ಲಕ್ಷಣವಿರಲಿಲ್ಲ.

"ಬಾಯಾರ," ಅವರು ಕೂಗಿ ಕೇಳಿದರು, "ಸ್ವಲ್ಪ ಹೊತ್ತು ಬಾರಿಸಿ ತಾನ ಬಂದ್ ಆಗೂ ಹಂಗ ಮಾಡಲಿಕ್ಕೆ ಬರತದೇನ್ರಿ?"

"ಬರೂದಿಲ್ರಿ ಸಾವಕಾರ್ರ" ಎಂದೆ.

ಬರುತ್ತಿತ್ತು. ಒಂದು ಸಾಲಿನ ಕೆಲಸ.